ಕಲ್ಲಿನೊಳಗಣ ಕಲ್ಲು: ಮೈಸೂರು ಸೀಮೆಯ ಶಿಲೆಗಳ ಕಾಲವಿಚಾರ

ಒಂದು ಗ್ರಂಥದಲ್ಲಿ ಮತ್ತೊಂದರ ಪದ್ಯವು ಉದ್ಧೃತವಾಗಿದ್ದರೆ ಆ ಪದ್ಯವೇ ಪ್ರಾಚೀನವೆಂದು ನಿರ್ಣಯಿಸುತ್ತೇವಷ್ಟೆ. ಭೂವಿಜ್ಞಾನಿಗಳ ನ್ಯಾಯವೂ ಇದೇ: ಶಿಲೆಯೊಳಗೆ ಸಿಕ್ಕಿಕೊಂಡ ತುಣುಕು ಆ ಶಿಲೆಗಿಂತ ಹಳೆಯದು.

ಈ ನ್ಯಾಯವು ಮೈಸೂರಿನಲ್ಲಿ ದೊಡ್ಡ ವಿವಾದಕ್ಕೆ ಕಾರಣವಾಯಿತು. 1894ರಲ್ಲಿ ಸ್ಥಾಪಿತವಾದ ಭೂವಿಜ್ಞಾನ ಇಲಾಖೆಯ ಪ್ರಥಮ ಮುಖ್ಯಸ್ಥರಾದ ಬ್ರೂಸ್ ಫೂಟ್ ಅವರು ನೈಸ್ ಶಿಲೆಯೇ ತಳಹದಿಯೆಂದೂ, ಧಾರವಾಡ ಶಿಲೆಗಳು ಅದರ ಮೇಲೆ ನೆಲಸಿದುವೆಂದೂ ಭಾವಿಸಿದ್ದರು. ಮುಂದೆ ಇಲಾಖೆಯನ್ನು ನಡೆಸಿದ ಸ್ಮೀತ್ ಅವರಾದರೋ, ನೈಸಿನೊಳಗೆ ಷಿಸ್ಟ್ ಶಿಲೆಯ ತುಣುಕುಗಳಿರುವುದನ್ನು ಹಿಡಿದು, ನೈಸೇ ಈಚಿನದೆಂದು ವಾದಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು. ನೈಸಿಗಿಂತ ಹಳೆಯ ಸರಗೂರು ಶಿಲೆಗಳು ಬೇರೆ, ಅದರ ಮೇಲೆ ನಿಂತ ಧಾರವಾಡ ಶಿಲೆಗಳು ಬೇರೆ ಎಂಬುದು ಬಹುಕಾಲದ ಮೇಲೆ ಸ್ಪಷ್ಟವಾಯಿತು.

ಆದರೆ ಹಿಂದುಮುಂದು ತಿಳಿದ ಮಾತ್ರಕ್ಕೆ ಅವಧಿ ತಿಳಿಯದು. ಕೆಂಗೇರಿಯಿಂದ ಬಿಡದಿಯ ಕಡೆಗೆ ನಡೆದರೆ ನೈಸ್ ಮುಗಿದು ರಾಮನಗರದ ಗ್ರಾನೈಟು ಮೊದಲಾಗುತ್ತದೆ. ಊರಿನ ಹೆಸರು ಬದಲಾದರೂ ವಿಜ್ಞಾನದಲ್ಲಿ ಇದು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೇ. ಜಿರ್ಕಾನ್ ಹರಳುಗಳಿಂದ ಇದರ ವಯಸ್ಸು ಸುಮಾರು 252 ಕೋಟಿ ವರ್ಷಗಳೆಂದು ತಿಳಿದಿದೆ. ನೆಲವು ಪಕ್ಕಕ್ಕೆ ಜಾರಿ ಶಿಲೆಗಳು ವಿರೂಪಗೊಂಡ ಪಟ್ಟಿಗಳಲ್ಲಿ, ಅಂದರೆ ಷಿಯರ್ ವಲಯಗಳಲ್ಲಿ, ಆ ಜಾರಿಕೆ ಎಷ್ಟು ಕಾಲ ನಡೆಯಿತೆಂಬುದು ಬೇರೆಯೇ ಪ್ರಶ್ನೆ.

ಇದಕ್ಕೆ ಮನೋಹರವಾದ ಉತ್ತರವೊಂದು ಅಮೆರಿಕದ ವರ್ಮಾಂಟ್ ಪ್ರಾಂತದಿಂದ ಬಂದಿದೆ. ಅಲ್ಲಿಯ ಗಾರ್ನೆಟ್ ಹರಳುಗಳು ಬೆಳೆಯುತ್ತಲೇ ಉರುಳಿ, ಸುತ್ತಲಿನ ಖನಿಜಕಣಗಳನ್ನು ಸುರುಳಿಯಾಗಿ ಒಳಗೆಳೆದುಕೊಂಡಿವೆ. ಸುರುಳಿಯು ಉರುಳಿದ ಅಳತೆಯನ್ನು ಹೇಳುತ್ತದೆ. ಕಾಲವನ್ನು ಹೇಳುವುದು ಸ್ಟ್ರಾಂಷಿಯಂ: ಸುತ್ತಲಿನ ಶಿಲೆಯಲ್ಲಿ ರುಬಿಡಿಯಂ ಕ್ಷಯಿಸಿದಂತೆಲ್ಲ ಸ್ಟ್ರಾಂಷಿಯಂ–87ರ ಪ್ರಮಾಣವು ಏರುವುದರಿಂದ, ಹರಳಿನ ನಡುವಿಗೂ ಅಂಚಿಗೂ ವ್ಯತ್ಯಾಸವುಂಟಾಗುತ್ತದೆ. 1989ರಲ್ಲಿ ಕ್ರಿಸ್ಟೆನ್ಸನ್, ರೋಸನ್‌ಫೆಲ್ಡ್, ಡಿಪಾವೊಲೊ ಎಂಬುವರು ಈ ಕ್ರಮದಿಂದ ಹರಳಿನ ಬೆಳವಣಿಗೆಗೆ 1 ಕೋಟಿ 5 ಲಕ್ಷ ವರ್ಷಗಳು ಹಿಡಿದುವೆಂದು ಗಣಿಸಿದರು. ಇದರಲ್ಲಿ 42 ಲಕ್ಷ ವರ್ಷಗಳಷ್ಟು ಹೆಚ್ಚುಕಡಮೆ ಇರಬಹುದು. ಅವರ ಲೆಕ್ಕದಂತೆ, ಒಂದು ಮೀಟರು ಅಂತರದ ಎರಡು ಪದರಗಳು 10 ಲಕ್ಷ ವರ್ಷಗಳಲ್ಲಿ ಸುಮಾರು 76 ಸೆಂಟಿಮೀಟರು ಮಾತ್ರ ಜಾರಿರಬೇಕು.

ಹರಳು ಉರುಳಿತೆಂಬುದನ್ನೇ ಬೆಲ್ ಎಂಬ ಪಂಡಿತರು 1985ರಲ್ಲಿಯೇ ಪ್ರಶ್ನಿಸಿದ್ದರು. ಹರಳು ನಿಂತಲ್ಲೇ ನಿಂತಿದ್ದು, ಸುತ್ತಲಿನ ಮಡಿಕೆಗಳೇ ತಿರುಗಿದುವೆಂಬುದು ಅವರ ಪಕ್ಷ. ಅದು ನಿಜವಾದರೆ ವೇಗದ ಲೆಕ್ಕವು ಕುಸಿಯುತ್ತದೆ, ಅವಧಿಯ ಲೆಕ್ಕವು ಉಳಿಯುತ್ತದೆ. ಹೊಳೆನರಸೀಪುರದ ಷಿಸ್ಟುಗಳಲ್ಲಿ ಗಾರ್ನೆಟ್ಟು ನಮಗೂ ಉಂಟು. ಆದರೆ 252 ಕೋಟಿ ವರ್ಷಗಳ ಗಣನೆಯಲ್ಲಿ ನೂರಕ್ಕೆ 0.2ರ ಅನಿಶ್ಚಯವೆಂದರೂ 50 ಲಕ್ಷ ವರ್ಷಗಳಾಗುತ್ತವೆ. ಅಂತಹ ಎರಡು ವಯಸ್ಸುಗಳನ್ನು ಕಳೆದು ಒಂದು ಕೋಟಿ ವರ್ಷಗಳ ಅವಧಿಯನ್ನು ಸಾಧಿಸುವುದು ದುಸ್ತರ.