ದೋಯಾಂಗ್ ದಂಡೆಯ ಚಾಣಗಳು

2012ರಲ್ಲಿ ಆ ಚಿತ್ರ ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರ, ಪುಕ್ಕ ಕಿತ್ತ ಹಕ್ಕಿಗಳ ಗೊಂಚಲು ಹೊತ್ತು ಮಾರಲು ಹೊರಟವರಲ್ಲಿ ಹೆಂಗಸರೂ ಇದ್ದರು. ಪಾರಿವಾಳಕ್ಕಿಂತ ಚಿಕ್ಕವಾದ ಅಮುರ್ ಚಾಣಗಳವು. ಸೈಬೀರಿಯಾ, ಉತ್ತರ ಚೀನಾ ಕಡೆಯಿಂದ ಆಫ್ರಿಕಾದ ದಕ್ಷಿಣಕ್ಕೆ ಹೊರಟವು, ಅಕ್ಟೋಬರ್–ನವೆಂಬರಿನಲ್ಲಿ ಅಲ್ಲಿ ತಂಗಿ, ರೆಕ್ಕೆ ಬಂದ ಗೆದ್ದಲು ತಿಂದು ಮೈ ತುಂಬಿಕೊಳ್ಳುತ್ತವೆ. ಮುಂದೆ ಅರಬ್ಬೀ ಸಮುದ್ರ ದಾಟಬೇಕಲ್ಲ! ಆ ಒಂದೇ ಶರತ್ಕಾಲದಲ್ಲಿ ಲಕ್ಷಕ್ಕೂ ಹೆಚ್ಚು ಸತ್ತಿರಬೇಕೆಂದು ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್, ನಾಗಾಲ್ಯಾಂಡಿನ ಪತ್ರಕರ್ತೆ ಬಾನೊ ಹರಾಲು ಮೊದಲಾದವರ ಅಂದಾಜು.

ಕೊಂದವರನ್ನು ನಾನೂ ಮನಸಾರೆ ಬೈದೆ. ಆಮೇಲೆ ತಿಳಿಯಿತು, ಅಣೆಕಟ್ಟಿನ ನೀರಿನಲ್ಲಿ ಪಾಂಗ್ತಿ ಊರಿನವರ ಹೊಲಗಳು ಮುಳುಗಿದ್ದವು. ಬೇಸಾಯ ಹೋದವರು ಮೀನಿನ ಬಲೆ ಹಿಡಿದರು. ಅದೇ ಬಲೆಯನ್ನು ಮರಗಳ ನಡುವೆಯೂ ಕಟ್ಟಿದರು. ಹಕ್ಕಿ ಮಾರಿದ ದುಡ್ಡಿನಲ್ಲಿ ಮಕ್ಕಳ ಶಾಲೆಯ ಫೀಸು ಕಟ್ಟಿದವರಿದ್ದರು. ಆ ಗೊಂಚಲು ಹೊತ್ತವಳು ನಾನೇ ಆಗಿದ್ದರೆ?

2013ರಲ್ಲಿ ಆ ಊರಿನವರೇ ಬೇಟೆ ನಿಲ್ಲಿಸಿದರು. ಬಂದ ಆದಾಯ ಬಿಟ್ಟು ನಿಲ್ಲಿಸಿದ್ದು, ಅದನ್ನು ಮರೆಯಬಾರದು. ಆ ನವೆಂಬರಿನಲ್ಲಿ, ಹಾದಿ ತಿಳಿಯಲೆಂದು ಬೆನ್ನಿಗೆ ಪುಟ್ಟ ಉಪಗ್ರಹ ಯಂತ್ರ ಕಟ್ಟಿ ಮೂರು ಚಾಣಗಳನ್ನು ಹಾರಿಬಿಟ್ಟರು. ಅದರಲ್ಲೊಂದು ಹೆಣ್ಣಿಗೆ ಪಾಂಗ್ತಿ ಎಂದೇ ಹೆಸರು. ಅದು ಸಮುದ್ರ ದಾಟಿ ಆಫ್ರಿಕಾ ಮುಟ್ಟಿತು. ಮರುವರ್ಷ ನಾಗಾಲ್ಯಾಂಡಿಗೆ ತಿರುಗಿ ಬಂತು.