ನಾಲ್ಕರಲ್ಲಿ ಮೂರು ವರುಷದ ನೀರು

ಗೋಕಾಕದ ಜಲಪಾತವು ನೂರೆಪ್ಪತ್ತು ಅಡಿಗಳಷ್ಟು ಎತ್ತರದಿಂದ ಕೆಂಪಗೆ ಧುಮುಕಿದರೆ ಮಳೆ ಸಾಕಾಯಿತೆಂದೂ, ಬಂಡೆಗಳು ಬರಿದಾಗಿ ತೋರಿದರೆ ಬರವೆಂದೂ ನಮ್ಮ ಜನರು ಕಣ್ಣಳತೆಯಿಂದಲೇ ತಿಳಿಯುತ್ತ ಬಂದಿರುವರು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವೂ ಗೋಕಾಕ ಮೂಡಲಗಿಗಳ ಕಾಲುವೆಗಳೂ ಘಟಪ್ರಭೆಯ ಮೂಲಕ ಕೃಷ್ಣೆಗೆ ಸೇರಿದವುಗಳು. ಆದುದರಿಂದ ಇವುಗಳ ನೀರಿಗೆ ಮೇರೆಯನ್ನು ಹಾಕಿದ್ದು ಕಣ್ಣಳತೆಯಲ್ಲ, ಒಂದು ಗಣಿತ.

ವರುಷ ವರುಷದ ನೀರಿನ ಮೊತ್ತಗಳನ್ನು ಕಾಲಕ್ರಮ ಬಿಟ್ಟು ದೊಡ್ಡದರಿಂದ ಚಿಕ್ಕದಕ್ಕೆ ಬರೆಯುವದು. ಪ್ರತಿಯೊಂದರ ಎದುರಿಗೆ, ಅಷ್ಟಾದರೂ ನೀರು ಹರಿದ ವರುಷಗಳೆಷ್ಟೆಂದು ಕೂಡಿಸುತ್ತ ಹೋಗುವದು. ಹೀಗೆ ಕೂಡಿಬಂದ ಎಣಿಕೆಯೇ ಸಂಚಿತ ಆವೃತ್ತಿ. ಇಂಥ ಎಣಿಕೆಯ ರೇಖೆಗೆ ಆಂಗ್ಲ ಪಂಡಿತನಾದ ಫ್ರಾನ್ಸಿಸ್ ಗಾಲ್ಟನ್ನನು 1875ರಲ್ಲಿ ಶಿಲ್ಪಿಗಳ ಕಮಾನಿನ ಹೆಸರನ್ನೇ ಕೊಟ್ಟು ಓಜೀವ್ ಎಂದನು.

1969ರಲ್ಲಿ ನೇಮಕವಾದ, ನ್ಯಾಯಮೂರ್ತಿ ಬಚಾವತ್ತರ ನ್ಯಾಯಮಂಡಲಿಯು 1894-95ರಿಂದ 1971-72ರ ವರೆಗಿನ 78 ವರುಷಗಳ ಲೆಕ್ಕವನ್ನು ಹಿಡಿದು, ನೂರಕ್ಕೆ 75 ವರುಷ ನೆಚ್ಚಬಹುದಾದ ನೀರು 2060 ಶತಕೋಟಿ ಘನ ಅಡಿ ಎಂದು ನಿರ್ಣಯಿಸಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಮರುಹರಿವಿನ ಮಾತು ಬೇರೆ.

ಸರಾಸರಿಯನ್ನೇಕೆ ಹಿಡಿಯಲಿಲ್ಲವೆಂದು ವಾಚಕರು ಕೇಳಬಹುದು. ಒಂದು ಮಹಾಪೂರದ ವರುಷವು ಸರಾಸರಿಯನ್ನು ಮೇಲಕ್ಕೆತ್ತಿಬಿಡುವದು. ಆದರೆ ಆ ನೀರು ಕಟ್ಟೆಗಳಲ್ಲಿ ನಿಲ್ಲದೆ ಸಮುದ್ರದ ಪಾಲಾಗುವದು. ಎಷ್ಟು ವರುಷ ಕೊರತೆ ಬೀಳುವದೆಂಬುದನ್ನು ಸರಾಸರಿಯು ಹೇಳದು, ಸಂಚಿತ ಎಣಿಕೆ ಹೇಳುವದು. ಇಷ್ಟರ ಮಟ್ಟಿಗೆ ಅದೇ ಮೇಲೆಂದು ನಮ್ಮ ಅಭಿಪ್ರಾಯ.

ಆದರೂ ಅದಕ್ಕೊಂದು ಮರೆವು ಉಂಟು. ಇಳಿಕೆಯ ಕ್ರಮದಲ್ಲಿ ಬರೆದೊಡನೆ ವರುಷಗಳ ಹಿಂದುಮುಂದು ಅಳಿದುಹೋಗುವದು. ನಾಲ್ಕರಲ್ಲೊಂದು ಕೊರತೆಯೆಂದರೆ ನಾಲ್ಕು ವರುಷಕ್ಕೊಮ್ಮೆ ಅದು ಸರದಿಯಿಂದ ಬರುವದೆಂದೇನೂ ಅಲ್ಲ. ಎರಡು ಕೊರತೆಗಳು ಬೆನ್ನುಬೆನ್ನಿಗೆ ಬರಬಹುದು. ಒಂದು ಬರವನ್ನು ತಾಳಿಕೊಂಡ ಕಬ್ಬಿನ ರೈತನು ಮರುವರುಷದ ಬರದಲ್ಲಿ ಸಾಲಕ್ಕೆ ಬೀಳುವನು. ಪಟ್ಟಿಯ ಕಣ್ಣಿಗೆ ಎರಡೂ ಸರಿಸಮ.

ನ್ಯಾಯಮೂರ್ತಿ ಬ್ರಿಜೇಶಕುಮಾರರ ಎರಡನೆಯ ಮಂಡಲಿಯು 2010ರಲ್ಲಿ, 1961-62ರಿಂದ 2007-08ರ ವರೆಗಿನ 47 ವರುಷಗಳನ್ನು ಹಿಡಿದು, ನೆಚ್ಚಿಕೆಯ ಗೆರೆಯನ್ನು ನೂರಕ್ಕೆ 65ಕ್ಕೆ ಇಳಿಸಿತು. ನೀರಿನ ಮೊತ್ತವು 2293ಕ್ಕೆ ಏರಿತು. ಗೆರೆ ಇಳಿದರೆ ಮೊತ್ತ ಏರುವದು, ಕೊರತೆಯ ವರುಷಗಳೂ ಹೆಚ್ಚುವವು. ಹೊಳೆಯ ಕೆಳಗಿನ ಆಂಧ್ರವು ಇದನ್ನೇ ಹಿಡಿದು ತಕರಾರು ಹೂಡಿತು.