ಸ್ಯಾಟ್ ಪರೀಕ್ಷೆ ಅಳೆಯುವ ಕೌಶಲಗಳು

'ಸ್ಯಾಟ್' ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜುಗಳ ಪದವಿ ಪ್ರವೇಶಕ್ಕೆ ಬಳಕೆಯಲ್ಲಿರುವ ಪ್ರಮಾಣೀಕೃತ ಪರೀಕ್ಷೆ. ಕಾಲೇಜ್ ಬೋರ್ಡ್ ಎಂಬ ಲಾಭರಹಿತ ಸಂಸ್ಥೆ ಇದನ್ನು ನಡೆಸುತ್ತದೆ. ಓದಿ ಅರ್ಥೈಸುವುದು, ವಾಕ್ಯಗಳನ್ನು ತಿದ್ದುವುದು ಹಾಗೂ ಗಣಿತದ ನೆರವಿನಿಂದ ಸಮಸ್ಯೆ ಬಿಡಿಸುವುದು ಇದು ಅಳೆಯುವ ಮುಖ್ಯ ಸಾಮರ್ಥ್ಯಗಳು. ಕರ್ನಾಟಕದ ಸಿಇಟಿಯಂತೆ ಪಿಯುಸಿ ವಿಷಯಗಳ ಪಾಠಗಳಿಂದ ಪ್ರಶ್ನೆ ಕೇಳುವ ಪರೀಕ್ಷೆ ಇದಲ್ಲ.

ಹಿನ್ನೆಲೆ

ಪರೀಕ್ಷೆಯು ಮೊದಲು ನಡೆದದ್ದು 1926ರ ಜೂನ್ 23ರಂದು. ಇದನ್ನು ರೂಪಿಸಿದವರಲ್ಲಿ ಪ್ರಮುಖರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ನೀಡಿದ ಬುದ್ಧಿಪರೀಕ್ಷೆಗಳು ಇದಕ್ಕೆ ಮಾದರಿಯಾದವು. ಆಗಿನ ಹೆಸರು 'ಸ್ಕೊಲಾಸ್ಟಿಕ್ ಆ್ಯಪ್ಟಿಟ್ಯೂಡ್ ಟೆಸ್ಟ್'. ಕಲಿತ ವಿದ್ಯೆಗಿಂತ ಭಿನ್ನವಾದ ಸಹಜ ಸಾಮರ್ಥ್ಯವೊಂದನ್ನು ಅಳೆಯಬಹುದೆಂಬ ನಂಬಿಕೆ ಆ ಹೆಸರಿನಲ್ಲಿಯೇ ಇತ್ತು. ಜನಾಂಗಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿದೆಯೆಂದು 1923ರ ಗ್ರಂಥದಲ್ಲಿ ವಾದಿಸಿದ್ದ ಬ್ರಿಗಮ್, 1930ರಲ್ಲಿ ಆ ತೀರ್ಮಾನಗಳನ್ನು ತಾವೇ ಹಿಂತೆಗೆದುಕೊಂಡರೆಂಬುದು ಗಮನಾರ್ಹ. 1990ರ ದಶಕದಲ್ಲಿ 'ಆ್ಯಪ್ಟಿಟ್ಯೂಡ್' ಪದವನ್ನು ಕೈಬಿಡಲಾಯಿತು. ಈಗ 'ಸ್ಯಾಟ್' ಯಾವುದರ ಸಂಕ್ಷಿಪ್ತ ರೂಪವೂ ಅಲ್ಲ.

ಓದು ಮತ್ತು ಬರವಣಿಗೆ

2024ರಿಂದ ಅಮೆರಿಕದಲ್ಲಿಯೂ ಪರೀಕ್ಷೆ ಸಂಪೂರ್ಣವಾಗಿ ಗಣಕಯಂತ್ರದ ಮೇಲೆ ನಡೆಯುತ್ತಿದೆ. ಈ ವಿಭಾಗದಲ್ಲಿ 64 ನಿಮಿಷಗಳಿಗೆ 54 ಪ್ರಶ್ನೆಗಳು. ಪ್ರತಿ ಪ್ರಶ್ನೆಗೂ 25ರಿಂದ 150 ಪದಗಳ ಗದ್ಯ ಅಥವಾ ಪದ್ಯಭಾಗವಿರುತ್ತದೆ. ಹೇಳದೆ ಬಿಟ್ಟ ಅರ್ಥವನ್ನು ಊಹಿಸುವುದು, ಕೋಷ್ಟಕದ ಅಂಕಿಗಳು ಲೇಖಕನ ವಾದವನ್ನು ಬೆಂಬಲಿಸುತ್ತವೆಯೇ ಎಂದು ನೋಡುವುದು, ಸಂದರ್ಭದಿಂದ ಪದದ ಅರ್ಥ ಗ್ರಹಿಸುವುದು, ವಾಕ್ಯಗಳ ನಡುವೆ ತಕ್ಕ ಜೋಡಣೆಯ ಪದವನ್ನು ಆರಿಸುವುದು, ವ್ಯಾಕರಣ ಹಾಗೂ ಲೇಖನ ಚಿಹ್ನೆಗಳ ಬಳಕೆ ಇಲ್ಲಿ ಪರೀಕ್ಷೆಗೊಳಗಾಗುತ್ತವೆ. ಹೆಸರಿನಲ್ಲಿ 'ಬರವಣಿಗೆ' ಇದ್ದರೂ ಅಭ್ಯರ್ಥಿ ಸ್ವಂತವಾಗಿ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ. 2005ರಲ್ಲಿ ಸೇರಿಸಿದ್ದ ಪ್ರಬಂಧವನ್ನು 2021ರಲ್ಲಿ ಬಹುಮಟ್ಟಿಗೆ ನಿಲ್ಲಿಸಲಾಯಿತು.

ಗಣಿತ

70 ನಿಮಿಷಗಳಲ್ಲಿ 44 ಪ್ರಶ್ನೆಗಳು. ಕ್ಯಾಲ್ಕುಲೇಟರ್ ಬಳಕೆಗೆ ಅವಕಾಶವಿದೆ. ಸುಮಾರು ಶೇ. 70ರಷ್ಟು ಭಾಗ ಬೀಜಗಣಿತಕ್ಕೆ ಸೇರಿದ್ದು. ಉಳಿದದ್ದು ಅನುಪಾತ, ಶೇಕಡಾವಾರು, ಸಂಭವನೀಯತೆ, ರೇಖಾಗಣಿತ ಮತ್ತು ತ್ರಿಕೋನಮಿತಿ.

ಪ್ರತಿ ವಿಭಾಗಕ್ಕೆ 200ರಿಂದ 800 ಅಂಕಗಳು. ಮೊದಲ ಭಾಗದಲ್ಲಿ ಅಭ್ಯರ್ಥಿ ತೋರಿದ ಸಾಮರ್ಥ್ಯವನ್ನು ಅನುಸರಿಸಿ ಎರಡನೆಯ ಭಾಗದ ಪ್ರಶ್ನೆಗಳು ಸುಲಭ ಇಲ್ಲವೇ ಕಠಿಣವಾಗುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ 2016ರಲ್ಲಿ ಕೊನೆಗೊಂಡಿತು.

ವಿವಾದ

ಅಳೆಯುವುದು ಕೌಶಲವನ್ನೋ, ಬೆಳೆದ ಮನೆಯ ಅನುಕೂಲವನ್ನೋ ಎಂಬುದು ಹಳೆಯ ಪ್ರಶ್ನೆ. ಓಟಗಾರನಿಗೆ ಮ್ಯಾರಥಾನ್ ಹೇಗೋ ಹುಟ್ಟು ಹಾಕುವವನಿಗೆ 'ರೆಗಾಟ' ಎಂಬ ದೋಣಿ ಸ್ಪರ್ಧೆ ಹಾಗೆ ಎಂದು ಗುರುತಿಸಬೇಕಿದ್ದ ಪ್ರಶ್ನೆಯೊಂದು ಈ ಚರ್ಚೆಯಲ್ಲಿ ಪ್ರಸಿದ್ಧ. ದೋಣಿ ಸ್ಪರ್ಧೆಯನ್ನೇ ಕಾಣದ ಬಡ ಹುಡುಗನಿಗೆ ತರ್ಕ ತಿಳಿದಿದ್ದೂ ಪ್ರಯೋಜನವಿರಲಿಲ್ಲ. ಇಂತಹ ಸಾದೃಶ್ಯ ಪ್ರಶ್ನೆಗಳನ್ನು 2005ರಲ್ಲಿ ತೆಗೆದುಹಾಕಲಾಯಿತು. ಶ್ರೀಮಂತ ಕುಟುಂಬಗಳ ಮಕ್ಕಳು ಸರಾಸರಿಯಲ್ಲಿ ಹೆಚ್ಚು ಅಂಕ ಪಡೆಯುವುದು ಮಾತ್ರ ಮುಂದುವರಿದಿದೆ. ದುಬಾರಿ ತರಬೇತಿಯೊಂದೇ ಇದಕ್ಕೆ ಕಾರಣವಲ್ಲ. ಶಾಲೆಗಳ ಗುಣಮಟ್ಟದ ಅಂತರವೂ ಕಾರಣ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪ್ರವೇಶಕ್ಕೆ ಈ ಅಂಕಗಳನ್ನು ಪರಿಗಣಿಸುವುದನ್ನು ಬಿಟ್ಟಿದೆ. ಸೋಂಕಿನ ಕಾಲದಲ್ಲಿ ಸಡಿಲಿಸಿದ್ದ ನಿಯಮವನ್ನು ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ 2022ರಲ್ಲಿ ಮತ್ತೆ ಕಡ್ಡಾಯಗೊಳಿಸಿತು. ಉನ್ನತ ಗಣಿತದ ಪಾಠಗಳೇ ಇಲ್ಲದ ಶಾಲೆಗಳ ಪ್ರತಿಭಾವಂತರನ್ನು ಗುರುತಿಸಲು ಅಂಕಗಳು ನೆರವಾಗುತ್ತವೆ ಎಂಬುದು ಆ ಸಂಸ್ಥೆ ನೀಡಿದ ಕಾರಣಗಳಲ್ಲೊಂದು.